ಮೈಸೂರಿಗೆ ಹೋಗದ ಬಾಟಲಿ

ನನಗೆ ಹೇಳಿದ್ದು ಹರ್ನಿಯಾ ಎಂದು. ಅದೂ ಆಪರೇಷನ್ ಆಗಿ ವಾರ ಕಳೆದ ಮೇಲೆ, ನಾನೇ ಬೆಂಗಳೂರಿನಿಂದ ಫೋನ್ ಮಾಡಿದಾಗ, ಬಾಳೆಗೊನೆ ಕಡಿಸಿದ ಸುದ್ದಿಯ ಜೊತೆಗೆ ಸೇರಿಸಿ.

"ನಿಮ್ಮಣ್ಣಂಗೆ ಹರ್ನಿಯಾ ಇತ್ತು ಕಣವ್ವ. ನರಸೀಪುರದಲ್ಲಿ ಆಪ್ರೇಸನ್ ಮಾಡ್ಸುದೊ. ಈಗ ಆರಾಮಾಗವ್ನೆ" ಎಂದರು ಅಪ್ಪ.

ದೇವನೂರಿನವರಾದ ನಮಗೆ ನಂಜನಗೂಡು ಹತ್ತಿರ, ಅಲ್ಲಿಂದ ಮೈಸೂರು ಹತ್ತಿರ. ಎರಡು ಊರಿನ ಆಸ್ಪತ್ರೆಗಳನ್ನೂ ಬಿಟ್ಟು ತಿರುಮಕೂಡಲು ನರಸೀಪುರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಯಾಕೆ ಹೋದಿರಿ ಎಂದು ಕೇಳಿದೆ. ಅಲ್ಲಿಯ ಡಾಕ್ಟರ ಕೈಗುಣ ಚೆನ್ನಾಗಿದೆ ಎಂದರು. ಕೈಗುಣವೂ ಇಲ್ಲ, ಕಾಲುಗುಣವೂ ಇಲ್ಲ. ನರಸೀಪುರದಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ, ಅಷ್ಟೇ.

ಅದು ಎರಡು ಸಾವಿರದ ಒಂದನೇ ಇಸವಿ. ಅಣ್ಣ ಅಮೃತೇಶನಿಗೆ ಆಗ ಇಪ್ಪತ್ತಾರು. ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದೆ ಅವನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದ. ಮಾತಿನಮಲ್ಲ. ಗಿರಾಕಿಗಳು ಮೋಟಾರ್ ರಿಪೇರಿಯಾದ ಮೇಲೂ ಹರಟೆಗೆಂದು ಕೂತಿರುತ್ತಿದ್ದರು. ನಾನು ಶ್ವೇತ, ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ನಾನೇನು ಕೆಲಸ ಮಾಡುತ್ತೇನೆ ಎಂದು ಊರಲ್ಲಿ ಯಾರಾದರೂ ಕೇಳಿದರೆ ಅವ್ವ "ಅದೇನೋ ರಕ್ತ ಪರೀಕ್ಸೆ" ಎಂದು ಮಾತು ಮುಗಿಸುತ್ತಿದ್ದಳು. ನಾನೂ ತಿದ್ದಲು ಹೋಗಿರಲಿಲ್ಲ.

ನಾನು ದಿನವೂ ನೋಡುತ್ತಿದ್ದದ್ದು ರಕ್ತವಲ್ಲ. ಗಂಡಸರ ವೃಷಣದಲ್ಲಿ, ಹೆಂಗಸರ ಅಂಡಾಶಯದಲ್ಲಿ, ಮಕ್ಕಳನ್ನು ಹುಟ್ಟಿಸುವ ಬೀಜಕಣಗಳಿಂದಲೇ ಬೆಳೆಯುವ ಗಡ್ಡೆಗಳು. ಹೆಚ್ಚಾಗಿ ಬರುವುದು ವಯಸ್ಸಿನ ಹುಡುಗರಿಗೆ. ನೋವಿರುವುದಿಲ್ಲ, ಸುಮ್ಮನೆ ಗಟ್ಟಿಯಾಗುತ್ತದೆ. ನಮ್ಮ ಲ್ಯಾಬಿಗೆ ಬೇಕಾಗಿದ್ದದ್ದು ಆ ಗಡ್ಡೆಯ ಜೀವಕೋಶಗಳು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂಬುದು. ನಮ್ಮ ಮೈಯಲ್ಲಿ ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಕೆಲವು ಪ್ರೊಟೀನುಗಳಿವೆ. ಅವು ಇರುವುದರಿಂದ ಜೀವಕೋಶಗಳು ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ಕ್ಯಾನ್ಸರ್ ಆದಾಗ ಗಾರೆ ಕೆಡುತ್ತದೆ, ಜೀವಕೋಶ ಕಳಚಿಕೊಂಡು ಬೆನ್ನಿಗೆ, ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಆದರೆ ಈ ಬೀಜದ ಗಡ್ಡೆಗಳಲ್ಲಿ ಒಂದು ವಿಚಿತ್ರವಿತ್ತು. ಮಗು ತಾಯ ಹೊಟ್ಟೆಯಲ್ಲಿದ್ದಾಗ ಮಾತ್ರ ಇದ್ದು, ಹುಟ್ಟಿದ ಮೇಲೆ ಮೈ ಬಿಟ್ಟೇಬಿಟ್ಟಿದ್ದ ಒಂದು ಬಗೆಯ ಗಾರೆ ಕೆಲವು ಗಡ್ಡೆಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಮೈಯಲ್ಲಿ ಬೇರೆಲ್ಲೂ ಇಲ್ಲದ್ದು ಗಡ್ಡೆಯಲ್ಲಿ ಮಾತ್ರ ಇದೆ ಎಂದರೆ ಅದನ್ನೇ ಗುರಿಯಿಟ್ಟು ಔಷಧಿ ಬಿಡಬಹುದಲ್ಲ ಎಂಬುದು ಎಲ್ಲರ ಆಸೆ. ನಾನು ಗಡ್ಡೆಯ ಚೂರುಗಳಿಗೆ ಬಣ್ಣ ಹಾಕಿ ಆ ಪ್ರೊಟೀನು ಇದೆಯೋ ಇಲ್ಲವೋ ನೋಡಿ ಹೇಳುವವಳು. ಊರಿನವರ ಮಕ್ಕಳ ಬೀಜವನ್ನೆಲ್ಲ ನೋಡಿದೆ. ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು.

ಮಾರನೆಯ ವರ್ಷ ಅಣ್ಣನ ಮದುವೆ. ಹುಡುಗಿ ಕವಲಂದೆಯವಳು, ಶಿವರಂಜನಿ. ಪಿ.ಯು.ಸಿ. ಓದಿದ್ದಳು, ಮೆಲುದನಿ, ಕೆಲಸಕ್ಕೆ ಚುರುಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆ. ನಮ್ಮಪ್ಪ ಅಷ್ಟೊಂದು ಖರ್ಚು ಮಾಡಲಿಲ್ಲ, ಒಂದೇ ಸುಳ್ಳಿನಲ್ಲಿ ಮುಗಿಸಿದರು.

ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಅಣ್ಣನಿಗೆ ಸೊಂಟನೋವು ಶುರುವಾಯಿತು. ಮೋಟಾರ್ ಎತ್ತಿ ಎತ್ತಿ ಹಿಡಿದುಕೊಂಡಿದೆ ಎಂದರು. ಎಣ್ಣೆ ತಿಕ್ಕಿದರು, ನಂಜನಗೂಡಿನಲ್ಲಿ ಇಂಜೆಕ್ಷನ್ ಹಾಕಿಸಿದರು, ಯಾರೋ ಹೇಳಿದರೆಂದು ಉಳುಕು ತೆಗೆಸಿದರು. ಮೈ ಇಳಿಯಿತು. ನಮ್ಮ ಸೋದರತ್ತೆ ಕೆಂಪಾಜಮ್ಮ, ಅಂದರೆ ಅಪ್ಪನ ಅಕ್ಕ, ಊರೆಲ್ಲ ಕೇಳುವ ಹಾಗೆ "ಆ ಹೆಣ್ಣಿನ ಕಾಲ್ಗುಣ ಸರಿಯಿಲ್ಲ" ಎಂದಳು. ಶಿವರಂಜನಿ ತಲೆ ತಗ್ಗಿಸಿಕೊಂಡು ಎಣ್ಣೆ ಬಿಸಿ ಮಾಡಿದಳು. ಕಾಯಿಲೆ ಆ ಹುಡುಗಿ ಹೊಸಿಲು ದಾಟುವ ಮೊದಲೇ ಮನೆಯಲ್ಲಿತ್ತು ಎಂದು ಅಪ್ಪನಿಗೆ ಗೊತ್ತಿತ್ತು. ಊರಿನ ಜಗಳಕ್ಕೆಲ್ಲ ನ್ಯಾಯ ಹೇಳುವ ಮನುಷ್ಯ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

ಅಣ್ಣ ಬೆಂಗಳೂರಿಗೆ ಬಂದಾಗ ಕೆಮ್ಮು ಶುರುವಾಗಿತ್ತು. ನಾನೇ ಹಟ ಮಾಡಿ ಕರೆಸಿದ್ದು. ನಮ್ಮ ಆಸ್ಪತ್ರೆಯ ಡಾಕ್ಟರು ಪರದೆ ಎಳೆದು ಪರೀಕ್ಷೆ ಮಾಡಿ ಹೊರಗೆ ಬಂದು, "ನಿಮ್ಮಣ್ಣನಿಗೆ ಬಲಗಡೆ ವೃಷಣ ಇಲ್ಲವಲ್ಲ ಶ್ವೇತ, ಯಾವಾಗ ತೆಗೆದದ್ದು?" ಎಂದರು. ನಾನು ಹರ್ನಿಯಾ ಎಂದೆ. ಅವರು ನನ್ನ ಮುಖ ನೋಡಿದರು. ಈ ಲ್ಯಾಬಿನಲ್ಲಿ ಕೆಲಸ ಮಾಡುವವಳು ಇಷ್ಟು ದಡ್ಡಿಯೇ ಎಂದುಕೊಂಡಿರಬೇಕು.

ಪರದೆಯ ಒಳಗೆ ಹೋದೆ. ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ಗಡ್ಡೆ ಇತ್ತು, ತೆಗುದ್ರು" ಎಂದ ಗೋಡೆ ನೋಡುತ್ತಾ. "ನಿಂಗೆಂಗೆ ಯೋಳದು? ತಂಗಿ ನೀನು."

"ರಿಪೋರ್ಟ್ ಏನು ಬಂತು?"

"ಭಯ ಇಲ್ಲ, ಚೆನ್ನಾಗದೆ ಅಂತ ಬಂತಂತೆ. ಅಪ್ಪನೇ ಹೋಗಿ ತಂದ್ರು."

ಸ್ಕ್ಯಾನಿನಲ್ಲಿ ಹೊಟ್ಟೆಯ ಹಿಂಭಾಗದ ದೊಡ್ಡ ರಕ್ತನಾಳದ ಸುತ್ತ ತೆಂಗಿನಕಾಯಿಯಷ್ಟು ಗಡ್ಡೆ. ಶ್ವಾಸಕೋಶದ ತುಂಬ ಚುಕ್ಕಿ. ರಕ್ತದಲ್ಲೂ ಬೀಜದ ಕ್ಯಾನ್ಸರಿನ ಗುರುತು ಸಿಕ್ಕಿದ್ದರಿಂದ ಹಳೆಯ ರಿಪೋರ್ಟಿಗೆ ಯಾರೂ ಕಾಯಲಿಲ್ಲ. ನನಗೆ ಸಿಟ್ಟು ಬಂದಿತ್ತು, ಆದರೆ ಆ ಹೊತ್ತಿಗೆ ಧೈರ್ಯವೂ ಇತ್ತು. ಯಾಕೆಂದರೆ ಇದು ಹರಡಿದ ಮೇಲೂ ವಾಸಿಯಾಗುವ ಕೆಲವೇ ಕ್ಯಾನ್ಸರುಗಳಲ್ಲಿ ಒಂದು. ಗಡ್ಡೆ ತೆಗೆದ ಕೂಡಲೇ ಸರಿಯಾಗಿ ನೋಡಿಕೊಂಡಿದ್ದರೆ ಹೆಚ್ಚುಕಡಿಮೆ ಎಲ್ಲರೂ ಉಳಿಯುತ್ತಾರೆ. ತಡವಾಗಿ ಬಂದವರಲ್ಲೂ ಬಹಳ ಜನ ಉಳಿಯುತ್ತಾರೆ. ಅಣ್ಣನಿಗೂ ಔಷಧಿ ಹಿಡಿಯಿತು. ಕೂದಲು ಉದುರಿತು, ವಾಂತಿ, ಬಾಯಿಹುಣ್ಣು, ಎಲ್ಲದರ ನಡುವೆಯೂ ವಾರ್ಡಿನ ಕೆಟ್ಟುಹೋದ ಫ್ಯಾನ್ ಬಿಚ್ಚಿಸಿ ಎದುರಿಗೇ ರಿಪೇರಿ ಮಾಡಿಸಿದ. ಗಡ್ಡೆ ಕುಗ್ಗಿತು. ಊರಿಗೆ ಹೋಗಿ ಅಂಗಡಿ ತೆರೆದ. ಆರು ತಿಂಗಳು ಕಳೆಯುವುದರೊಳಗೆ ರಕ್ತದಲ್ಲಿ ಕ್ಯಾನ್ಸರಿನ ಗುರುತು ಮತ್ತೆ ಏರಿತು. ಎರಡನೆಯ ಬಗೆಯ ಔಷಧಿ ಕೊಟ್ಟರು. ಅದು ಹಿಡಿಯಲಿಲ್ಲ.

ಅಷ್ಟು ಹೊತ್ತಿಗೆ ನಮ್ಮ ಆಸ್ಪತ್ರೆಗೆ ಹೊರದೇಶದ ಕಂಪನಿಯೊಂದರ ಹೊಸ ಔಷಧಿ ಪರೀಕ್ಷೆಗೆ ಬಂತು. ಅದು ಹುಡುಕಿ ಹಿಡಿಯುತ್ತಿದ್ದದ್ದು ನಾನು ವರ್ಷಗಟ್ಟಲೆ ಬಣ್ಣ ಹಾಕಿ ನೋಡುತ್ತಿದ್ದ ಅದೇ ಗಾರೆಯನ್ನು. ಬೇರೆ ಎಲ್ಲ ಔಷಧಿ ಸೋತವರಿಗೆ ಮಾತ್ರ ಕೊಡುವುದು. ಅಣ್ಣನಿಗೆ ವಾರ್ಡಿನಲ್ಲಿ ಕೂತು ವಿವರಿಸಿದೆ.

"ಅಂದ್ರೆ ಸುಟ್ಟ ಕಾಯಿಲ್ ಮಾತ್ರ ಕಿತ್ಕಂಡು ಮಿಕ್ಕಿದ್ ಮೋಟ್ರು ಮುಟ್ಟಲ್ಲ ಅನ್ನು" ಎಂದ.

"ಹಾಗೇ ಅಂದ್ಕೊ. ಆದ್ರೆ ನಿನ್ನ ಗಡ್ಡೇಲಿ ಆ ಪ್ರೊಟೀನು ಇದ್ರೆ ಮಾತ್ರ."

"ಇರ್ತದೆ ಬುಡು. ನಂಗೆ ಬರೋದೆಲ್ಲ ಸ್ಪೆಸಲ್ಲೇ" ಎಂದು ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ. ಶಿವರಂಜನಿ ಮಂಚದ ಕಾಲ ಬಳಿ ನಿಂತಿದ್ದಳು. ಅವಳೂ ನಕ್ಕಳು.

ಇದೆಯೋ ಇಲ್ಲವೋ ನೋಡಲು ಗಡ್ಡೆಯ ಚೂರು ಬೇಕು. ಹೊಟ್ಟೆಯ ಗಡ್ಡೆಗೆ ಸೂಜಿ ಹಾಕಿದರು. ಔಷಧಿಯ ಹೊಡೆತಕ್ಕೆ ಸತ್ತ ಜೀವಕೋಶಗಳಷ್ಟೇ ಬಂದವು, ಜೀವವಿದ್ದದ್ದು ಒಂದೂ ಇರಲಿಲ್ಲ. ಮತ್ತೆ ಚುಚ್ಚಿದರೆ ರಕ್ತ ನಿಲ್ಲುವುದಿಲ್ಲ ಎಂದು ಡಾಕ್ಟರು ಕೈಬಿಟ್ಟರು. ಆಗ ನಮ್ಮ ಲ್ಯಾಬಿನ ಮುಖ್ಯಸ್ಥೆ, ನಾವು ಮೇಡಂ ಎನ್ನುತ್ತಿದ್ದವರು, ನನ್ನ ಭುಜ ತಟ್ಟಿದರು. "ಅದಕ್ಯಾಕೆ ಅಳ್ತೀಯ? ಮೊದಲು ತೆಗೆದ ವೃಷಣ ಇದೆಯಲ್ಲ, ಅದನ್ನ ತರಿಸು." ನಿಜ. ಗಡ್ಡೆಯ ತುಣುಕನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿ ವರ್ಷಗಟ್ಟಲೆ ಇಟ್ಟುಕೊಂಡಿರುತ್ತಾರೆ. ಆ ಮೇಣದ ಬ್ಲಾಕಿನಿಂದ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪದರ ಸಾಕು ನನಗೆ.

ಮೈಸೂರಿನ ಲ್ಯಾಬುಗಳಿಗೆಲ್ಲ ಫೋನ್ ಮಾಡಿದೆ. ಅಮೃತೇಶ್ ಎಂಬ ಹೆಸರು ಯಾರಲ್ಲೂ ಇಲ್ಲ. ಅಪ್ಪನನ್ನು ಕೇಳಿದರೆ "ಯಾವ್ದೋ ಲ್ಯಾಬು, ಮರ್ತೋಗದೆ" ಎಂದರು. ಸರಿ, ನರಸೀಪುರಕ್ಕೇ ಹೋದೆ. ನರ್ಸಿಂಗ್ ಹೋಮಿನ ಡಾಕ್ಟರು ವಯಸ್ಸಾದವರು, ಕನ್ನಡಕ ಹಣೆಗೇರಿಸಿ ಯೋಚಿಸಿದರು.

"ಬೀಜದ ಗಡ್ಡೆ ಹುಡುಗ ತಾನೇ? ನೆನಪಿದೆ. ನೋಡಿದಾಗಲೇ ಅನುಮಾನ ಇತ್ತು. ಕೆಡದ ಹಾಗೆ ಫಾರ್ಮಲಿನ್ ಹಾಕಿ ಬಾಟ್ಲೀಲಿಟ್ಟು ನಿಮ್ಮ ತಂದೆ ಕೈಗೇ ಕೊಟ್ಟೆನಲ್ಲಮ್ಮ, ಮೈಸೂರಿಗೆ ಕೊಟ್ಟು ಬನ್ನಿ ಅಂತ. ಇಲ್ಲಿ ನಮ್ಮಲ್ಲಿ ಎಲ್ಲಾರೂ ಹಾಗೇ ತಗೊಂಡು ಹೋಗೋದು."

"ರಿಪೋರ್ಟ್ ನೋಡಿದ್ರಾ ಸಾರ್?"

"ಅವರು ಮತ್ತೆ ಬರಲೇ ಇಲ್ಲ. ಬರದೇ ಇದ್ರೆ ಎಲ್ಲಾ ಸರಿಹೋಯ್ತು ಅಂತ ತಾನೇ ಅರ್ಥ?"

ಅವರಿಗೆ ಅಷ್ಟೇ ಅರ್ಥವಾಗಿತ್ತು. ರೋಗಿ ಮತ್ತೆ ಬರದಿದ್ದರೆ ಒಂದೋ ವಾಸಿಯಾಗಿದ್ದಾನೆ, ಇಲ್ಲ ಸತ್ತಿದ್ದಾನೆ. ಎರಡರಲ್ಲೂ ಡಾಕ್ಟರಿಗೆ ಕೆಲಸವಿಲ್ಲ. ಹೊರಗೆ ಬಂದು ನಂಜನಗೂಡಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ, ಬಾಟಲಿ ಅಟ್ಟದ ಮೇಲೋ ಗೂಡಿನಲ್ಲೋ ಹಾಗೇ ಇರಲಿ ಎಂದು. ಲ್ಯಾಬಿಗೆ ಕೊಡದಿದ್ದರೆ ಬೇಡ. ಫಾರ್ಮಲಿನ್‌ನಲ್ಲಿ ಬಿದ್ದಿದ್ದರೆ ಇಷ್ಟು ವರ್ಷವಾದರೂ ಏನಾದರೂ ಉಳಿದಿರಬಹುದು, ಪ್ರಯತ್ನ ಪಡಬಹುದು.

ಮನೆಗೆ ಹೋದಾಗ ಹಿತ್ತಿಲಲ್ಲಿ ಹೋರಿಗೆ ಬೀಜ ಒಡೆಯುತ್ತಿದ್ದರು. ಊರಿನ ದನಗಳಿಗೆಲ್ಲ ಈ ಕೆಲಸ ಮಾಡುವ ಮಾದಯ್ಯ ಇಕ್ಕಳ ಹಿಡಿದಿದ್ದ, ನಾಲ್ಕು ಜನ ಹಗ್ಗ ಎಳೆದಿದ್ದರು, ಅಪ್ಪ "ಬಲಗಡೇದು ಸರ್ಯಾಗಿ ಹಿಡೀಲಾ, ಜಾರ್ಕೊಂಡದು" ಎಂದು ಬೀದಿಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದರು. ಬೇಲಿಯಾಚೆ ಹೆಂಗಸರು ನಿಂತು ನೋಡುತ್ತಿದ್ದರು. ಯಾರಿಗೂ ನಾಚಿಕೆಯಿರಲಿಲ್ಲ.

ಕೆಲಸ ಮುಗಿದು ಎಲ್ಲರೂ ಹೋದ ಮೇಲೆ ಅಪ್ಪನ ಎದುರು ನಿಂತೆ. "ನರಸೀಪುರದ ಡಾಕ್ಟ್ರ ಹತ್ರ ಹೋಗಿದ್ದೆ. ಬಾಟ್ಲಿ ಎಲ್ಲಿ?"

ಅವರು ಕೈ ತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು. ಅವ್ವ ಬಾಗಿಲ ಬಳಿ ಬಂದು ನಿಂತಳು.

"ಮೈಸೂರ್ಗೆ ಅಂತಲೇ ವೊಂಟಿದ್ದು ಕಣವ್ವ" ಎಂದರು ಕೊನೆಗೆ. "ಆ ಲ್ಯಾಬಲ್ಲಿ ಕವಲಂದೆಯ ನಮ್ಮೋರ ಹುಡುಗ ಚೀಟಿ ಬರೀತಾನೆ. ಹೆಸರು, ಊರು, ಇಂಥ ಜಾಗದ್ದು ಅಂತ ಅವ್ನ ಮುಂದೆ ಯೋಳಬೇಕು. ಆಗ್ಲೇ ಕವಲಂದೆ ಸಂಬಂಧದ ಮಾತು ನಡೀತಿತ್ತು. ಗೊತ್ತಾದ್ರೆ ಯಾರು ಹೆಣ್ಣು ಕೊಡ್ತಾರೆ?"

"ಬಾಟ್ಲಿ ಎಲ್ಲಪ್ಪ?"

"ಅದ್ನ ಎಸೀಲಿಕ್ಕಾಯ್ತದಾ? ಲಿಂಗ ಕಟ್ಟಿದ ಮೈ ಅದು. ಕತ್ತರಿಸಿ ಕಸಕ್ಕೆ ಹಾಕ್ತಾರಂತೆ, ನಾಯಿ ಎಳ್ಕೊಂಡು ಓಯ್ತವಂತೆ. ನನ್ ಮಗನ್ದು ನಾಯಿ ಪಾಲಾಗ್ಬೇಕಾ?" ಎಂದು ಟವೆಲಿಗೆ ಕೈ ಒರೆಸಿಕೊಂಡರು. "ಮೈಸೂರ್ ಬಸ್ ಬುಟ್ಟು ನಂಜನಗೂಡ್ ಬಸ್ ಹತ್ದೆ. ಅಲ್ಲಿ ಇಳ್ದು, ಹೊಳೇಲಿ ನೀರು ತಕ್ಕೊಂಡು, ಹೊಲಕ್ಕೋಗಿ ನಮ್ಮ ಹಿರೀಕರ ಪಕ್ಕದಲ್ಲೇ ಗುಣಿ ತೋಡ್ದೆ. ವಿಭೂತಿ ಹಚ್ಚಿ, ಪತ್ರೆ ಇಟ್ಟು, ಮಾಡೋದೆಲ್ಲ ಕ್ರಮವಾಗೇ ಮಾಡ್ದೆ. ನಾನೇನ್ ತಪ್ಪು ಮಾಡ್ಲಿಲ್ಲ."

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಹೊಲದ ಮೂಲೆಯಲ್ಲಿ ನಮ್ಮಜ್ಜ, ಮುತ್ತಜ್ಜ ಎಲ್ಲರೂ ಇದ್ದಾರೆ. ಅವರ ಪಕ್ಕದಲ್ಲಿ ಇಪ್ಪತ್ತಾರು ವರ್ಷದ ಅಣ್ಣನ ಬಲಗಡೆಯ ಬೀಜಕ್ಕೆ ಶಾಸ್ತ್ರೋಕ್ತವಾಗಿ ಸಂಸ್ಕಾರ ಮಾಡಿ, ಬಂದು ಕೈಕಾಲು ತೊಳೆದು, ರಿಪೋರ್ಟ್ ಚೆನ್ನಾಗಿದೆ ಎಂದು ಮಗನಿಗೆ ಹೇಳಿದ್ದರು.

ನನಗೆ ಒಂದು ಆಸೆ ಉಳಿದಿತ್ತು. "ಬಾಟ್ಲಿ ಸಮೇತ ಹೂತ್ರಾ?"

ಅಪ್ಪ ನನ್ನನ್ನು ಮೂರ್ಖಳನ್ನು ನೋಡುವಂತೆ ನೋಡಿದರು. "ಬಾಟ್ಲಿ ಸಮೇತ ಯಾರಾದ್ರೂ ಊಳ್ತಾರಾ? ಮಣ್ಣಿಗೆ ತಾಕಬೇಕಲ್ವಾ. ತೆಗ್ದು ಹೊಳೆ ನೀರಲ್ಲಿ ತೊಳ್ದು ಇಟ್ಟೆ."

ಸೋಮಾರಿಯಾಗಿದ್ದರೆ ಉಳಿಯುತ್ತಿತ್ತು. ಭಕ್ತಿ ಒಂಚೂರು ಕಡಿಮೆಯಿದ್ದು, ಮುಚ್ಚಳ ಬಿಚ್ಚದೆ ಬಾಟಲಿಯನ್ನೇ ಗುಣಿಗೆ ಹಾಕಿ ಮಣ್ಣೆಳೆದಿದ್ದರೆ ನಾನು ಆ ಹೊತ್ತೇ ಗುದ್ದಲಿ ಹಿಡಿದು ಹೊಲಕ್ಕೆ ಓಡುತ್ತಿದ್ದೆ. ನಮ್ಮಪ್ಪ ಯಾವುದನ್ನೂ ಅರ್ಧಂಬರ್ಧ ಮಾಡಿದವರಲ್ಲ. ನಾನು ಆ ಪ್ರೊಟೀನು, ಹೊಸ ಔಷಧಿ ಎಲ್ಲವನ್ನೂ ಹೇಳಿ ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ, ಮಗನನ್ನು ಅರ್ಧ ಮೊದಲೇ ಹೂತು ಮದುವೆ ಮಾಡಿದಿರಿ ಎಂದದ್ದು ನೆನಪಿದೆ. ಅವ್ವ "ಮೆಲ್ಲಗೆ ಮಾತಾಡವ್ವ, ಅಕ್ಕಪಕ್ಕದೋರು ಕೇಳುಸ್ಕತಾರೆ" ಎಂದಳು. ಅವಳ ಚಿಂತೆ ಅದೊಂದೇ.

ನಾನು ಹೊರಡುವಾಗ ಅಪ್ಪ ಬಸ್ ನಿಲ್ಲುವ ಜಾಗದ ತನಕ ಜೊತೆಗೆ ಬಂದರು. ಯಾವತ್ತೂ ಬಂದವರಲ್ಲ.

"ಶ್ವೇತಾ, ಅಲ್ಲಿ ಬೇರೆಯೋರ್ದು ಇರ್ತವಲ್ಲ" ಎಂದರು, ರಸ್ತೆ ನೋಡುತ್ತಾ. "ಆ ಪ್ರೊಟೀನು ಇರೋ ಅಂಥದ್ದು. ಅದ್ರ ಮೇಲೆ ನಿಮ್ಮಣ್ಣನ ಹೆಸ್ರು ಬರ್ದುಬುಡು. ನಿನ್ ಕೈಯಾಗೇ ಅದೆ. ಯಾರ್ ಕೇಳ್ತರೆ?"

ಯಾರೂ ಕೇಳುತ್ತಿರಲಿಲ್ಲ, ಅದು ನಿಜ. ಲ್ಯಾಬಿನ ಕಪಾಟಿನಲ್ಲಿ ಅಂಥ ಬ್ಲಾಕುಗಳು ಬೇಕಾದಷ್ಟಿದ್ದವು. ಬಸ್ಸಿನಲ್ಲಿ ಬೆಂಗಳೂರಿನವರೆಗೂ ಅದನ್ನೇ ಯೋಚಿಸಿದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಗಾರೆ ಇಲ್ಲದ ಗಡ್ಡೆಗೆ ಆ ಔಷಧಿ ಹಿಡಿಯುವುದಿಲ್ಲ, ಅದರ ವಿಷ ಮಾತ್ರ ಮೈಗೆ ಹತ್ತುತ್ತದೆ. ಅಣ್ಣನದು ಯಾವುದು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಬರೆದರೆ ಅವನ ಮೈಯಲ್ಲಿ ಆಗುವುದನ್ನು ನಂಬಿ ನಾಳೆ ಇನ್ನಾರದೋ ಅಣ್ಣನಿಗೆ ಕೊಡುತ್ತಾರೆ, ಇಲ್ಲ ಕೊಡದೆ ಬಿಡುತ್ತಾರೆ. ಚೆನ್ನಾಗಿದೆ ಎಂದು ಸುಳ್ಳು ರಿಪೋರ್ಟ್ ಹೇಳಿದ ಮನೆಯಲ್ಲಿ ಇನ್ನೊಂದು ಸುಳ್ಳು ರಿಪೋರ್ಟ್ ನಾನು ಬರೆಯುವುದಿಲ್ಲ ಎಂದುಕೊಂಡೆ. ಇವತ್ತು ಕೇಳಿದರೂ ಬರೆಯುವುದಿಲ್ಲ.

ಅಣ್ಣನಿಗೆ ಎಲ್ಲ ಹೇಳಿದೆ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು. ಶಿವರಂಜನಿ ಕಾಫಿ ತರಲು ಕೆಳಗೆ ಹೋಗಿದ್ದಳು. ಅವನು ಎಲ್ಲ ಕೇಳಿಸಿಕೊಂಡು, "ಅಂಗಾರೆ ನನ್ ತಿಥಿ ಒಂದ್ ಕಂತು ಆಗೋಗದೆ ಅನ್ನು" ಎಂದು ನಗಲು ನೋಡಿದ. ನಗು ಬರಲಿಲ್ಲ. ಆಮೇಲೆ ಅಪ್ಪ ಕೇಳಿದ್ದನ್ನೇ ಅವನೂ ಕೇಳಿದ.

"ಆಗಲ್ಲ ಅಣ್ಣ" ಎಂದೆ. ಕಾರಣ ಹೇಳಿದೆ.

"ಹಿಡುದ್ರೂ ಹಿಡೀಬೌದಲ್ವಾ?"

"ಹಿಡಿಬೌದು. ಹಿಡೀದೇನೂ ಇರಬೌದು. ಗೊತ್ತಿಲ್ಲ."

"ಗೊತ್ತಿಲ್ದೆ ನಾನು ಸಾಯ್ಬೇಕು. ಗೊತ್ತಿಲ್ದೆ ನೀನು ಒಂದ್ ಅಕ್ಸರ ಬರೆಯಕಾಗಲ್ಲ" ಎಂದು ಗೋಡೆಯ ಕಡೆ ತಿರುಗಿದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದ, ಆದರೆ ಹಳೆಯ ಹಾಗೆ ತಮಾಷೆ ಮಾಡಲಿಲ್ಲ. ಆ ಕೋಪವನ್ನು ಇಟ್ಟುಕೊಂಡೇ ಹೋದ. ನನಗೆ ಇವತ್ತಿಗೂ ಉರಿಯುವುದು ಇದು: ಸುಳ್ಳು ಹೇಳಿದ ಅಪ್ಪನ ಮೇಲೆ ಅವನಿಗೆ ಅಷ್ಟು ಕೋಪ ಬರಲಿಲ್ಲ, ಸುಳ್ಳು ಬರೆಯದ ನನ್ನ ಮೇಲೆ ಬಂತು.

ಊರಿಗೆ ಕರೆದುಕೊಂಡು ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಸತ್ತ. ಅಪ್ಪ ಅಳಲಿಲ್ಲ, ಮಾತೂ ಆಡಲಿಲ್ಲ. ಕ್ರಿಯೆ ಮಾಡಿಸುವ ಅಯ್ನೋರು ಬಂದರು, ಮಣ್ಣು ಮಾಡಿದರು. ಯಾರು ಏನು ಕೇಳಿದರೂ ಅಪ್ಪ ತಲೆ ಅಲ್ಲಾಡಿಸುತ್ತಿದ್ದರೇ ಹೊರತು ಬಾಯಿ ಬಿಡಲಿಲ್ಲ. ದುಃಖಕ್ಕೆ ಮಾತು ನಿಂತಿದೆ ಎಂದು ಜನ ಕನಿಕರಪಟ್ಟರು. ನಾನೂ ಒಂದೆರಡು ಸಲ ಪಟ್ಟೆ, ತಂದೆಯಲ್ಲವೇ.

ಹನ್ನೊಂದನೆಯ ದಿನ ಶಿವಗಣಾರಾಧನೆ. ಊರಿನ ಹಿರಿಯರು, ಕವಲಂದೆಯ ಬೀಗರು, ಮಠದ ಕಡೆಯವರು ಅಂಗಳದಲ್ಲಿ ಪಂಕ್ತಿ ಕೂತಿದ್ದರು. ಎಲೆ ಹಾಕಿ ಪಾಯಸ ಬಡಿಸಿದ್ದರು. ಶಿವರಂಜನಿ ನಡುಮನೆಯ ಬಾಗಿಲ ಒಳಗೆ ಕೂತಿದ್ದಳು, ಅವಳ ಪಕ್ಕ ನಾನು. ಕೆಂಪಾಜಮ್ಮ ಅತ್ತೆ ಜಗಲಿಯ ಕಂಬಕ್ಕೊರಗಿ ಬೀಗರಿಗೆ ಕೇಳಲೆಂದೇ ದನಿ ತೆಗೆದಳು.

"ಏನ್ಮಾಡದು, ಬಂಗಾರ್ದಂಥ ಮಗ. ಬಂದವಳ ಕಾಲ್ಗುಣ ತಿಂದಾಕ್ತು. ಮನೇಲಿ ಹುಟ್ಟಿದ್ದಾದ್ರೂ ಉಳುಸ್ಕತದೆ ಅಂದ್ರೆ ಅದೂ ಇಲ್ಲ. ಲ್ಯಾಬಲ್ಲಿ ಕೂತ್ಕಂಡು ಒಂದ್ ಅಕ್ಸರ ಗೀಚಿದ್ರೆ ಔಸ್ದಿ ಸಿಕ್ತಿತ್ತಂತೆ. ಬರೀಲಿಲ್ಲವಂತೆ ಪುಣ್ಯಾತ್ಗಿತ್ತಿ!"

ಹಾಗಾದರೆ ನಾನು ಬರೆಯಲಿಲ್ಲ ಎಂಬ ಸುದ್ದಿಯನ್ನು ಮನೆಯಲ್ಲಿ ಯಾರೋ ಆಡಿದ್ದರು. ಬಾಟಲಿಯ ಸುದ್ದಿ ಮಾತ್ರ ಆಡಿರಲಿಲ್ಲ. ನಾನು ಅಪ್ಪನ ಮುಖ ನೋಡಿದೆ. ಪಂಕ್ತಿಯ ತುದಿಯಲ್ಲಿ ನಿಂತಿದ್ದರು. ಒಂದು ಸಲ ತಲೆಯೆತ್ತಿ "ಅಕ್ಕಾ, ಸುಮ್ಕಿರು" ಎಂದಿದ್ದರೆ ಸಾಕಿತ್ತು. ನೆಲ ನೋಡುತ್ತಾ ನಿಂತಿದ್ದರು. ನಾನೇ ಏಳಬೇಕೆಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದವಳು ಎದ್ದಳು.

ಶಿವರಂಜನಿ ಹೊಸಿಲು ದಾಟಿ ಅಂಗಳಕ್ಕೆ ಇಳಿದಳು. ಆ ದಿನ ಅವಳು ಹೊರಗೆ ಬರುವಂತಿರಲಿಲ್ಲ. ಕೂತವರ ಕೈ ಎಲೆಯ ಮೇಲೇ ನಿಂತಿತು.

"ನನ್ ಕಾಲ್ಗುಣ ಅಲ್ಲ ಅತ್ತೆ, ಶ್ವೇತಕ್ಕನ ತಪ್ಪೂ ಅಲ್ಲ" ಎಂದಳು. ಮೆಲುದನಿಯೇ, ಆದರೆ ಎಲ್ಲರಿಗೂ ಕೇಳಿತು. "ಮದುವೆಯಾದ ದಿನವೇ ನಂಗೆ ಗೊತ್ತಾಯ್ತು, ಅವ್ರಿಗೆ ಒಂದು ಬೀಜ ಇರ್ಲಿಲ್ಲ. ಗಡ್ಡೆ ಆಗಿ ತೆಗುಸಿದ್ರಂತೆ, ಏನೂ ಭಯ ಇಲ್ಲ, ಯಾರ್ಗೂ ಯೋಳಬೇಡ ಅಂದ್ರು. ಯಾರ್ಗೂ ಯೋಳಲಿಲ್ಲ. ಸೊಂಟನೋವು ಬಂದಾಗ ಇವ್ರ ಕೈಲಿ ಅಂದೆ" ಎಂದು ನಮ್ಮವ್ವ ಚನ್ನಬಸಮ್ಮನ ಕಡೆ ತಿರುಗಿದಳು. "ಅತ್ತೆಮ್ಮ, ಬೀಜ ತೆಗುಸಿದ್ದನ್ನ ಡಾಕ್ಟ್ರಿಗೆ ಯೋಳನ ಅಂದೆ. ಸೊಸೆ ಬಾಯಲ್ಲಿ ಬರೋ ಮಾತಾ ಅಂದ್ರಿ. ಮಾವನೋರ್ ಕೈಲಿ ನೀವಾದ್ರೂ ಯೋಳ್ಸಿ ಅಂದೆ. ಬಾಯ್ ಮುಚ್ಚು ಅಂದ್ರಿ. ಇಂಜೆಕ್ಸನ್ ಕೊಡೋ ಡಾಕ್ಟ್ರಿಗೆ ಬೀಜದ ಮಾತೇ ಗೊತ್ತಿರ್ಲಿಲ್ಲ. ಅವ್ರು ಸೊಂಟ ಅಂದ್ಕಂಡ್ರು. ನಾನು ಎಣ್ಣೆ ತಿಕ್ದೆ. ತೆಗ್ದಿದ್ನ ಮೈಸೂರ್ಗೆ ಕೊಟ್ಟಿದ್ರೆ ಅವತ್ತೇ ಔಸ್ದಿ ಆಗಿ ಉಳೀತಿದ್ರು. ಮಾವನೋರು ಅದ್ನ ಹೊಲ್ದಲ್ಲಿ ಹೂತ್ರು, ಸಾಯೋ ಮುಂಚೆ ಅವ್ರೇ ನಂಗೆ ಯೋಳಿದ್ರು. ಯಾರು ತಿಂದಾಕಿದ್ದು ಅಂತ ಈಗ ಯೋಳಿ."

ನಾನು ಕಾದೆ. ಈಗಲಾದರೂ ಯಾರಾದರೂ ಅಪ್ಪನ ಕಡೆ ತಿರುಗಿ ಹೌದೇನೋ ಶಿವಸ್ವಾಮಿ ಎಂದು ಕೇಳುತ್ತಾರೆ ಎಂದುಕೊಂಡೆ. ಊರಿಗೆಲ್ಲ ನ್ಯಾಯ ಹೇಳಿದವನನ್ನು ಊರು ಒಂದು ಸಲ ಕೇಳಬೇಡವೇ?

ಮೊದಲು ಎದ್ದದ್ದು ಮಠದ ಕಡೆಯ ಹಿರಿಯರು. ಪಾಯಸದ ಎಲೆ ಬಿಟ್ಟು ಹೆಗಲ ವಸ್ತ್ರ ಕೊಡವಿಕೊಂಡರು. "ಶಿವ ಶಿವಾ, ಹೆಣ್ಣಾಗಿ ಎಂಥ ಮಾತು, ಊಟದ ಎಲೆ ಮುಂದೆ" ಎಂದರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಾರೋ ಒಬ್ಬ ಗಂಡಸು ಕಿಸಕ್ಕನೆ ನಕ್ಕ. ಕವಲಂದೆಯ ಬೀಗರು, ಅವಳನ್ನು ಹೆತ್ತವರು, ಮಗಳಿಗಾದ ಮೋಸಕ್ಕೆ ಸಿಟ್ಟಾಗಬೇಕಾದವರು, ಅವಮಾನದಿಂದ ತಲೆ ತಗ್ಗಿಸಿದರು. ಅವಳಣ್ಣ "ಒಳೀಕೆ ನಡಿಯೇ" ಎಂದು ಅವಳ ರೆಟ್ಟೆ ಹಿಡಿದ.

ನಾನು ಅವನ ಕೈ ಕಿತ್ತು ಅವಳನ್ನು ನನ್ನ ಕಡೆ ಎಳೆದುಕೊಂಡೆ. ಆಗ ಅಪ್ಪ ಮುಂದೆ ಬಂದರು. ಮುಖ ಕಪ್ಪಿಟ್ಟಿತ್ತು. ತಪ್ಪಾಯ್ತು ಎನ್ನುತ್ತಾರೆ ಎಂದು ನಾನು, ಇಷ್ಟೆಲ್ಲ ಕಂಡ ಮೇಲೂ, ಒಂದು ಕ್ಷಣ ನಂಬಿದೆ.

"ಹಿರೀಕರ ಮುಂದೆ, ನಾಲ್ಕ್ ಜನದ ಮುಂದೆ ಆ ಪದ ಆಡ್ತೀಯಲ್ಲ, ನಿಂಗೆ ನಾಚ್ಕೆ ಆಗಕಿಲ್ವಾ?" ಎಂದರು ಸೊಸೆಗೆ.

ಮಗ ಸತ್ತ ಮೇಲೆ ಅವರು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು.